ಟಿಕೆಟ್ ಕೊಡದ ನೂರು ರೂಪಾಯಿ

ಕೊಳ್ಳೇಗಾಲದಿಂದ ಗೋಪಿನಾಥಂ ಕಡೆ ಹೋಗುವ ಬಸ್ಸಿನಲ್ಲಿ ನಾನು ಬಹಳ ವರ್ಷ ಕಂಡಕ್ಟರ್ ಆಗಿದ್ದೆ. ಡ್ಯೂಟಿ ಹತ್ತುವ ಮೊದಲು ಜೇಬಿನಲ್ಲಿರುವ ಸ್ವಂತ ದುಡ್ಡೆಷ್ಟು ಅಂತ ಬರೆದಿಡಬೇಕು. ಆಮೇಲೆ ಚೆಕಿಂಗ್‌ನವರು ಬಂದಾಗ ಅದೂ ಟಿಕೆಟ್ ದುಡ್ಡೂ ಕೂಡಿಸಿದ್ದಕ್ಕಿಂತ ಹತ್ತು ರೂಪಾಯಿ ಕಡಿಮೆ ಇದ್ದರೂ ಮೆಮೊ, ಹೆಚ್ಚಿದ್ದರೂ ಮೆಮೊ. ಹೆಚ್ಚಿದ್ದಕ್ಕೇ ನನಗೊಮ್ಮೆ ಸಿಕ್ಕಿತ್ತು, ಮನಸಾರೆ ಬೈದಿದ್ದೆ. ಈಗ ಆ ನಿಯಮ ಮಾಡಿದವನ ಕಾಲಿಗೆ ಬೀಳಬೇಕು ಅನಿಸುತ್ತದೆ.

ರಿಟೈರಾದ ಮೇಲೆ ಫೇಸ್‌ಬುಕ್ಕಿನ ಒಂದು ಗುಂಪಿಗೆ ಸೇರಿದೆ. ಕೊಳ್ಳೇಗಾಲ, ಹನೂರು, ಯಳಂದೂರಿನವರೇ ತುಂಬಿದ್ದರು. ಕಾಡಂಚಿನ ಊರುಗಳಿಂದ ಕೊಳ್ಳೇಗಾಲದ ಆಸ್ಪತ್ರೆಗೆ ಡಯಾಲಿಸಿಸ್‌ಗೆ ಬರುವವರಿಗೆ ವ್ಯಾನ್ ಓಡಿಸೋಣ, ಖರ್ಚನ್ನು ನಾವೇ ಹಾಕಿಕೊಳ್ಳೋಣ ಅಂತ ಅಡ್ಮಿನ್ ಬರೆದ. ಯಳಂದೂರಿನಲ್ಲಿ ಮೊಬೈಲ್ ಅಂಗಡಿ ಇಟ್ಟವನು, ಮಾತು ಬೆಣ್ಣೆ. ದುಡ್ಡು ಹಾಕಲು ಕೊಟ್ಟಿದ್ದು ಅವನ ಸ್ವಂತ ನಂಬರು. ಬೇರೆ ಖಾತೆ ಬೇಡವೇ ಅಂತ ಕೇಳಿದೆ. ನಮ್ಮವರ ಮೇಲೇ ಅನುಮಾನವಾ ಅಣ್ಣ ಅಂದ. ಕಂಡಕ್ಟರ್ ಆಗಿದ್ದವನು ನಾನು, ನಾಚಿಕೊಂಡು ಸುಮ್ಮನಾದೆ. ಥೂ!

ಸುಮ್ಮನಿದ್ದಿದ್ದರೂ ವಾಸಿಯಿತ್ತು. ಊರೂರು ತಿರುಗಿ ವಸೂಲಿಗೂ ನಿಂತೆ, ಸಿಕ್ಕಿದ್ದನ್ನೆಲ್ಲ ಅದೇ ನಂಬರಿಗೆ ಹಾಕಿದೆ. ಗೋಪಿನಾಥಂನಿಂದ ಮೀನಿನ ಬುಟ್ಟಿ ಹೊತ್ತು ನನ್ನ ಬಸ್ಸಿಗೆ ಹತ್ತುತ್ತಿದ್ದ ಹೆಂಗಸೊಬ್ಬಳಿಗೆ ಈಗ ವಾರಕ್ಕೆರಡು ಸಲ ಡಯಾಲಿಸಿಸ್. ವ್ಯಾನ್ ಬಂದ ಮೊದಲ ದಿನ ಸೆರಗಿನ ಗಂಟು ಬಿಚ್ಚಿ ನೂರು ರೂಪಾಯಿ ಕೊಟ್ಟಳು. ಕೊಟ್ಟು, ಹಳೆಯ ಅಭ್ಯಾಸದಂತೆ ಅಂಗೈ ಚಾಚಿ ನಿಂತಳು. “ಇದ್ಕೆಲ್ಲ ಟಿಕೆಟ್ ಇಲ್ಲ ಕಣವ್ವ” ಅಂತ ನಕ್ಕೆ. ಅವಳೂ ನಾಚಿ ಕೈ ಹಿಂದಕ್ಕೆ ತಕ್ಕೊಂಡಳು.

ನಾಲ್ಕು ತಿಂಗಳಿಗೆ ವ್ಯಾನ್ ನಿಂತಿತು. ದುಡ್ಡು ಮುಗಿಯಿತಂತೆ. ಬಂದದ್ದೆಷ್ಟು, ಹೋದದ್ದೆಷ್ಟು ಅಂತ ಗುಂಪಿನಲ್ಲಿ ಕೇಳಿದೆ. ಸಾಲು ಸಾಲು ಕೈಮುಗಿಯುವ ಚಿತ್ರಗಳು ಬಂದವು. ಬಲಗೈ ಕೊಟ್ಟದ್ದು ಎಡಗೈಗೆ ಗೊತ್ತಾಗಬಾರದಂತೆ. ಸೇವೆಗೆ ಲೆಕ್ಕ ಕೇಳುವವನು ಸಣ್ಣ ಮನುಷ್ಯನಂತೆ. ಧನಗೆರೆಯ ಮೇಷ್ಟ್ರೊಬ್ಬರು ಮೊಸರಿನಲ್ಲಿ ಕಲ್ಲು ಹುಡುಕಬೇಡಿ ಅಂತ ಬುದ್ಧಿ ಹೇಳಿದರು. ಕಲ್ಲಿನ ಮಾತು ಬಿಡಿ ಸ್ವಾಮಿ, ಅಲ್ಲಿ ಮೊಸರೇ ಇರಲಿಲ್ಲ. ಬೆಳಿಗ್ಗೆ ಎದ್ದು ನೋಡಿದರೆ ನನ್ನನ್ನು ಗುಂಪಿನಿಂದಲೇ ತೆಗೆದಿದ್ದರು.

ಮೈಯೆಲ್ಲ ಉರಿಯಿತು. ಮೊದಲ ಬಸ್ಸಿಗೇ ಯಳಂದೂರಿಗೆ ಹೋದೆ. ಅಡ್ಮಿನ್ ಟೀ ತರಿಸಿ, ಬ್ಯಾಂಕಿನ ಪಟ್ಟಿಯನ್ನು ಫೋನಿನಲ್ಲೇ ತೆರೆದು ನನ್ನ ಮುಂದೆ ಹಿಡಿದ. ವ್ಯಾನಿನ ಡೀಸೆಲ್, ಅಂಗಡಿ ಬಾಡಿಗೆ, ಅವನ ಮಾವನ ಆಪರೇಷನ್, ಎಲ್ಲ ಒಂದರ ಕೆಳಗೊಂದು.

“ಯಾವ್ದು ಗುಂಪಿಂದು, ಯಾವ್ದು ನಂದು ಅಂತ ನಂಗೇ ತಿಳೀತಿಲ್ಲ ಸಾ” ಅಂದ.

ಸುಳ್ಳು ಹೇಳುತ್ತಿರಲಿಲ್ಲ. ಅದಕ್ಕೇ ನನ್ನ ಸಿಟ್ಟು ಇನ್ನೂ ಏರಿತು. ಕಳ್ಳನಾಗಿದ್ದರೆ ಎಷ್ಟು ಕದ್ದೆ ಅನ್ನುವುದಾದರೂ ಅವನಿಗೆ ಗೊತ್ತಿರುತ್ತಿತ್ತು. ಬಾಯಿಗೆ ಬಂದಂತೆ ಬೈದು, ಟೀ ಮುಟ್ಟದೆ ಎದ್ದು ಬಂದೆ.

ಮೊನ್ನೆ ಕೊಳ್ಳೇಗಾಲದ ಬಸ್‌ಸ್ಟ್ಯಾಂಡಿನಲ್ಲಿ ಆ ಹೆಂಗಸು ಸೊಸೆಯ ಭುಜ ಹಿಡಿದು ಇಳಿದಳು. ಕಾಲು ಊದಿದ್ದವು. ಬಸ್ ತಪ್ಪಿ ಹಿಂದಿನ ಸಲದ ಡಯಾಲಿಸಿಸ್‌ಗೆ ಬರಲಾಗಿರಲಿಲ್ಲ.

“ವ್ಯಾನು ಯಾವಾಗ ಬತ್ತದ ಕಂಡಕ್ಟ್ರೇ? ನಾನೂ ದುಡ್ ಕೊಟ್ಟಿವ್ನಿ” ಅಂದಳು.

ನೀನು ಯಾರಿಗೆ ಕೊಟ್ಟೆ ಅತ್ತೆ ಅಂತ ಸೊಸೆ ಕೇಳಿದಳು.

“ಇವ್ರ ಕೈಗೇ ಕಣವ್ವ. ಒಂದ್ರುಪಾಯಿ ಚಿಲ್ರೆನೂ ಬಾಕಿ ಮಡುಗ್ದವ್ರಲ್ಲ ಇವ್ರು.”