ಮೋಟಾರಿಗೆ ಸಾಲ ಬೇಕೇ?

ಎರಡು ಬೇಸಿಗೆಗಳ ಹಿಂದಿನ ಮಾತು. ತುರುವೇಕೆರೆಯಲ್ಲಿ ಆಗ ನಾನು ಮೋಟಾರ್ ರಿವೈಂಡಿಂಗ್ ಅಂಗಡಿ ನಡೆಸುತ್ತಿದ್ದೆ. ಅಂಗಡಿ ಈಗಲೂ ಇದೆ. ಮಗ ಕೆಲಸ ಮಾಡುತ್ತಾನೆ, ನಾನು ಬೈದುಕೊಂಡು ಕೂತಿರುತ್ತೇನೆ. ರಿವೈಂಡಿಂಗ್ ಎಂದರೆ ಸುಟ್ಟ ಮೋಟಾರಿನ ಒಳಗಿನ ತಾಮ್ರದ ತಂತಿ ಕಿತ್ತು ಹೊಸದನ್ನು ಸುತ್ತುವುದು. ಐಟಿಐ ಮುಗಿಸಿದಾಗಿನಿಂದ ಇದೇ ಕಸುಬು. ಮೋಟಾರು ಮರ್ಯಾದಸ್ಥ ಯಂತ್ರ. ಸುಟ್ಟರೆ ವಾಸನೆ ಬರುತ್ತದೆ, ಬೇರಿಂಗ್ ಹೋದರೆ ಸದ್ದು ಮಾಡುತ್ತದೆ, ತನಗೇನಾಗಿದೆ ಎಂಬುದನ್ನು ಮುಚ್ಚಿಡುವುದಿಲ್ಲ. ಅದರ ಮೇಲೆ ಯಜಮಾನಿಕೆ ಮಾಡಲು ಬಂದ ಮೊಬೈಲ್ ಸ್ಟಾರ್ಟರ್ ಬಗ್ಗೆ ಮಾತ್ರ ಈ ಮಾತು ಹೇಳಲಾರೆ.

ಮೊಬೈಲ್ ಸ್ಟಾರ್ಟರ್ ಅಂದರೆ ತೋಟದ ಕರೆಂಟು ಪೆಟ್ಟಿಗೆಯಲ್ಲಿ ಕೂರಿಸುವ ಒಂದು ಡಬ್ಬಿ. ಒಳಗೆ ಸಿಮ್ ಇರುತ್ತದೆ. ಆ ನಂಬರಿಗೆ ಮಿಸ್ಡ್ ಕಾಲ್ ಕೊಟ್ಟರೆ ಬೋರ್‌ವೆಲ್ಲಿನ ಮೋಟಾರು ಏಳುತ್ತದೆ, ಇನ್ನೊಂದು ಕೊಟ್ಟರೆ ನಿಲ್ಲುತ್ತದೆ. ತ್ರೀ ಫೇಸ್ ಕರೆಂಟು ಬಂದಾಗಲೆಲ್ಲ ಹಾವು ಚೇಳು ನೋಡಿಕೊಂಡು ತೋಟಕ್ಕೆ ಓಡುವುದು ಇದರಿಂದ ತಪ್ಪಿತು. ಇಲ್ಲ ಎನ್ನುವುದಿಲ್ಲ. ಆದರೆ ಯಾವ ನಂಬರಿನಿಂದ ಕರೆ ಬಂದರೂ ಏಳುವಂತೆ ಅದನ್ನು ಕಂಪನಿಯಿಂದಲೇ ಕಳಿಸುತ್ತಾರೆ. ಮನೆಯವರ ನಂಬರಿಗೆ ಮಾತ್ರ ಏಳುವಂತೆ ಮಾಡಲು ಒಂದು ಕೋಡ್ ಕಳಿಸಬೇಕು. ಆ ಕೋಡ್ ಇರುವ ಪುಸ್ತಕ ಇಂಗ್ಲಿಷಿನಲ್ಲಿದೆ, ಇರುವೆ ಸಾಲಿನಷ್ಟು ಸಣ್ಣ ಅಕ್ಷರದಲ್ಲಿ. ಡಬ್ಬಿಯ ಮೇಲೆ ಮಾತ್ರ ನಗುವ ರೈತನ ಚಿತ್ರ ದೊಡ್ಡದಾಗಿ ಹಾಕಿದ್ದಾರೆ.

ದಬ್ಬೇಘಟ್ಟದ ಕಡೆಯ ಮಹಾಲಿಂಗಯ್ಯ ಮತ್ತು ಅವನ ತಮ್ಮ ಶಿವಕುಮಾರನಿಗೆ ಇದ್ದದ್ದು ಒಂದೇ ಬೋರ್‌ವೆಲ್. ಅದಕ್ಕೂ ಇಂಥದೇ ಡಬ್ಬಿ ಹಾಕಿಸಿದ್ದರು. ದಿನ ಬಿಟ್ಟು ದಿನ ಸರದಿ. ಸರದಿಯವನು ಬೆಳಿಗ್ಗೆ ಹೋಗಿ ಗೇಟ್‌ವಾಲ್ವನ್ನು ತನ್ನ ತೋಟದ ಕಡೆಗೆ ತಿರುಗಿಸಿ ಮೋಟಾರು ಹಾಕಬೇಕು. ಬೇಸಿಗೆಯಲ್ಲಿ ಆ ಬೋರು ಸ್ವಲ್ಪ ಹೊತ್ತು ಓಡಿದರೆ ಬರಿ ಗಾಳಿ ಎಳೆಯುತ್ತಿತ್ತು. ಆ ವರ್ಷ ಮಹಾಲಿಂಗಯ್ಯ ಉಂಡು ತೋಟಕ್ಕೆ ಬರುವಷ್ಟರಲ್ಲಿ ಮೋಟಾರು ತಾನಾಗಿ ಎದ್ದು, ವಾಲ್ವ್ ಹಿಂದಿನ ದಿನದಂತೆಯೇ ಇದ್ದುದರಿಂದ ನೀರೆಲ್ಲ ತಮ್ಮನ ಪಾಲಾಗಿರುತ್ತಿತ್ತು. ತಮ್ಮನ ಸರದಿಯ ದಿನ ಅಣ್ಣನ ತೋಟಕ್ಕೂ ಹೀಗೇ ಹರಿದಿತ್ತು. ಅದು ಮಾತ್ರ ಮಹಾಲಿಂಗಯ್ಯನ ಕಣ್ಣಿಗೆ ಬಿದ್ದಿರಲಿಲ್ಲ.

ತಮ್ಮ ಕದ್ದು ಫೋನ್ ಮಾಡಿ ನೀರು ಹೊಡೆಯುತ್ತಿದ್ದಾನೆ ಎಂದು ಅವನು ತೀರ್ಮಾನಿಸಿದ. ಮಾತು ಬಿಟ್ಟ. ವಾಲ್ವನ್ನು ತನ್ನ ತೋಟದ ಕಡೆಗೆ ತಿರುಗಿಸಿ, ಅದರ ಹಿಡಿ ಬಿಚ್ಚಿ ಮನೆಗೆ ಒಯ್ದ. ಶಿವಕುಮಾರ ಹಿಂದಿನ ಮಳೆಗಾಲದಲ್ಲಿ ನೆಟ್ಟ ತೆಂಗಿನ ಸಸಿಗಳು ಒಣಗತೊಡಗಿದವು. ಅವನ ಹೆಂಡತಿ ಕೊಡದಲ್ಲಿ ನೀರು ಹೊತ್ತು ಒಂದೊಂದಕ್ಕೇ ಹೊಯ್ಯುತ್ತಿದ್ದಳು. ಕೊನೆಗೊಂದು ದಿನ ಮೋಟಾರು ನೀರಿಲ್ಲದೆ ಓಡಿ ಸುಟ್ಟಿತು. ಆಗ ನನಗೆ ಕರೆ ಬಂತು.

“ಸಾಬ್ರೇ, ಮೋಟ್ರು ಸುತ್ಕೊಡಿ. ಆಮೇಲೆ ಅವ್ನ ಫೋನಿಗೆ ಅದು ಏಳ್ಬಾರ್ದು, ಹಂಗ್ ಮಾಡ್ಬುಡಿ,” ಅಂದ ಮಹಾಲಿಂಗಯ್ಯ.

ನಾನು ಸ್ಟಾರ್ಟರ್ ಕಂಪನಿಯ ಸಹಾಯವಾಣಿಗೆ ಫೋನ್ ಮಾಡಿದೆ. ಕನ್ನಡಕ್ಕಾಗಿ ಇದನ್ನು ಒತ್ತಿ, ದೂರಿಗಾಗಿ ಅದನ್ನು ಒತ್ತಿ. ಒತ್ತಿ ಒತ್ತಿ ಬೆರಳು ಸವೆದ ಮೇಲೆ ಒಬ್ಬ ಸಿಕ್ಕಿದ. ಮೋಟಾರು ತಾನಾಗಿ ಏಳುತ್ತದೆ ಎಂದೆ. ಆ್ಯಪ್ ಅಪ್‌ಡೇಟ್ ಮಾಡಿ ಅಂದ. ಇದಕ್ಕೆ ಆ್ಯಪೇ ಇಲ್ಲವಲ್ಲಪ್ಪ ಎಂದೆ. ಹಾಗಾದರೆ ಆಫ್ ಮಾಡಿ ಆನ್ ಮಾಡಿ ಅಂದ. ಆಫ್ ಇದ್ದದ್ದು ತಾನಾಗಿ ಆನ್ ಆಗುತ್ತಿದೆ ಎಂಬುದೇ ನನ್ನ ದೂರು ಎಂಬುದು ಆ ತಲೆಗೆ ಹೋಗಲಿಲ್ಲ. ದೂರು ದಾಖಲಾಗಿದೆ, ಶುಭದಿನ ಎಂದು ಹೇಳಿ ಇಟ್ಟ.

ಮೋಟಾರು ಸುತ್ತಿಕೊಂಡು ತೋಟಕ್ಕೆ ಹೋದೆ. ಬೋರಿಗೆ ಇಳಿಸುವಾಗ ಇಬ್ಬರೂ ಇರಬೇಕೆಂದು ಹಟ ಹಿಡಿದೆ. ಅಣ್ಣ ಒಂದು ಮರದ ಕೆಳಗೆ, ತಮ್ಮ ಇನ್ನೊಂದು ಮರದ ಕೆಳಗೆ ನಿಂತಿದ್ದರು. ಇಳಿಸಿದ್ದಾಯಿತು. ಪೆಟ್ಟಿಗೆಯ ಸಿಮ್ ತೆಗೆದು ನನ್ನ ಫೋನಿಗೆ ಹಾಕಿ, ಯಾರು ಕರೆ ಮಾಡುತ್ತಾರೆ ನೋಡೋಣ ಎಂದು ಕಲ್ಲಿನ ಮೇಲೆ ಕೂತೆ. ಎಲೆ ಅಡಿಕೆ ಹಾಕಿಕೊಳ್ಳುವಷ್ಟರಲ್ಲಿ ಫೋನ್ ಹೊಡೆದುಕೊಂಡಿತು. ಎಲ್ಲರಿಗೂ ಕೇಳುವಂತೆ ಸ್ಪೀಕರ್ ಹಾಕಿದೆ.

“ನಮಸ್ಕಾರ, ಮಹಾಲಿಂಗಯ್ಯ ಅವ್ರಾ ಸಾರ್? ನಿಮಗೆ ಪರ್ಸನಲ್ ಲೋನ್ ಮಂಜೂರಾಗಿದೆ!”

ಮಹಾಲಿಂಗಯ್ಯನ ಮುಖ ನೋಡಿದೆ. ಅವನು ಮರ ನೋಡುತ್ತಿದ್ದ.

ಆಮೇಲೆ ಬಟ್ಟೆ ಅಂಗಡಿಯ ಸೇಲ್ ಬಂತು, ಸೈಟು ಮಾರುವವರು ಬಂದರು. ಇಷ್ಟು ದಿನ ಇವರೆಲ್ಲ ಫೋನ್ ಮಾಡಿ ಮೋಟಾರು ಎಬ್ಬಿಸುತ್ತಿದ್ದರು, ನಿಲ್ಲಿಸುತ್ತಿದ್ದರು. ಕೊನೆಗೆ ಬಂದವಳು ಸ್ಟಾರ್ಟರ್ ಕಂಪನಿಯ ಹುಡುಗಿ. ವಾರಂಟಿ ಕಾರ್ಡಿನಲ್ಲೂ ಇದೇ ನಂಬರಿತ್ತು.

“ಸಾರ್, ನಿಮ್ಮ ದೂರು ಬಗೆಹರಿದಿದೆ. ನಮ್ಮ ಸೇವೆಗೆ ಎಷ್ಟು ಸ್ಟಾರ್ ಕೊಡ್ತೀರಾ?”

“ನೀನು ಫೋನ್ ಮಾಡಿರೋದು ಮೋಟ್ರಿಗೆ ಕಣಮ್ಮ. ಸಿಮ್ಮು ಪೆಟ್ಟಿಗೇಲೇ ಇದ್ದಿದ್ರೆ ಅದೇ ಎದ್ದು ಹೇಳಿರೋದು,” ಎಂದು ಇಟ್ಟೆ.

ಇಷ್ಟು ಜನಕ್ಕೆ ಬೋರ್‌ವೆಲ್ಲಿನ ನಂಬರು ಕೊಟ್ಟವರು ಯಾರು ಎಂದು ಕೇಳಿದೆ. ಮಹಾಲಿಂಗಯ್ಯ ತಡೆದು ತಡೆದು ಬಾಯಿಬಿಟ್ಟ. “ಎಲ್ಲೋದ್ರೂ ನಂಬರ್ ಕೇಳ್ತಾರೆ ಸಾಬ್ರೇ. ಬನೀನ್ ತಗೊಂಡ್ರೂ ಕೇಳ್ತಾರೆ. ನಂದು ಕೊಟ್ರೆ ತಲೆ ತಿಂತಾರಲ್ಲ, ಅದ್ಕೇ ಮೋಟ್ರುದು ಕೊಡ್ತಿದ್ದೆ. ಅದೇನು ಮಾತಾಡ್ತದಾ ಅಂತ.”

ಒಂದು ಬನಿಯನ್ನಿಗೆ ಫೋನ್ ನಂಬರು ಕೇಳುವ ಅಂಗಡಿಯವನನ್ನು ಏನನ್ನಬೇಕೋ ನನಗೆ ಗೊತ್ತಿಲ್ಲ. ಅದನ್ನು ಊರಿಗೆಲ್ಲ ಹಂಚುವವರನ್ನು ಏನನ್ನಬೇಕೋ ಗೊತ್ತು, ಇಲ್ಲಿ ಬರೆಯುವಂತಿಲ್ಲ. ಬುದ್ಧಿವಂತಿಕೆ ತೋರಿಸಲು ಹೋದ ಮಹಾಲಿಂಗಯ್ಯನ ಮೇಲೂ ನನಗೆ ಕನಿಕರ ಹುಟ್ಟಲಿಲ್ಲ. ತೋಟದ ಅಂಚಿನ ಸಸಿಗಳು ಕಣ್ಣೆದುರೇ ಇದ್ದವು. ಅರ್ಧಕ್ಕರ್ಧ ಸುಳಿ ಒಣಗಿ ಬಗ್ಗಿದ್ದವು.

ಇಬ್ಬರ ನಂಬರಿಗೆ ಮಾತ್ರ ಏಳುವಂತೆ ಕೋಡ್ ಹಾಕಿ ಪೆಟ್ಟಿಗೆ ಮುಚ್ಚಿದೆ. ಮಹಾಲಿಂಗಯ್ಯ ಮನೆಗೆ ಹೋಗಿ ವಾಲ್ವಿನ ಹಿಡಿ ತಂದ. ತಾನೇ ಕೂರಿಸಿ, ನೀರನ್ನು ತಮ್ಮನ ಕಡೆಗೆ ತಿರುಗಿಸಿ ಮೋಟಾರು ಹಾಕಿದ. ಆ ದಿನ ಸರದಿ ಅವನದೇ ಆಗಿತ್ತು.

ಶಿವಕುಮಾರ ಸಸಿಯ ಬುಡಕ್ಕೆ ಬರುತ್ತಿದ್ದ ನೀರನ್ನು ನೋಡುತ್ತಾ ನಿಂತಿದ್ದ. ತಲೆ ಎತ್ತದೆ ಹೇಳಿದ: “ನನ್ನ ನಂಬರೂ ಇತ್ತಲ್ಲಣ್ಣ ನಿನ್ನತ್ರ. ಒಂದ್ಸಲ ಫೋನ್ ಮಾಡಿ ಕೇಳ್ಬೋದಿತ್ತಲ್ಲ.”

ಅಣ್ಣ ಬಗ್ಗಿ ಮುಂದಿನ ಸಸಿಯ ಪಾತಿಗೆ ಕೈಯಿಂದಲೇ ನೀರು ತಿರುಗಿಸಿದ. ಅಂದಿನಿಂದ, ಯಾರೋ ಕದ್ದು ಮೋಟಾರು ಹಾಕುತ್ತಿದ್ದಾರೆ ಎಂದು ಯಾರಾದರೂ ಅಂಗಡಿಗೆ ಬಂದರೆ, ನಾನು ಟೆಸ್ಟರ್ ಹಿಡಿಯುವ ಮೊದಲು ಒಂದು ಪ್ರಶ್ನೆ ಕೇಳುತ್ತೇನೆ: ಯಾರ ಮೇಲೆ ಅನುಮಾನವೋ ಅವರನ್ನು ಕೇಳಿದಿರಾ? ಇದುವರೆಗೆ ಒಬ್ಬನೂ ಹೌದು ಎಂದಿಲ್ಲ.