ಚೂರು ಕೂಡಿಸಿದ ನೀಲವ್ವ

ಮೊಮ್ಮಗಳು ಒಡೆದ ಗಡಿಗೆಗೆ ಅಂಟು ಹಚ್ಚುವುದನ್ನು ಕಂಡು ಶಿರಹಟ್ಟಿ ಶಾಲೆಯಲ್ಲಿ ನನ್ನ ಜೊತೆ ಓದಿದ ನೀಲವ್ವ ನೆನಪಾದಳು.

ಸ್ವಾತಂತ್ರ್ಯ ಬಂದ ಹೊಸತರಲ್ಲಿ ಮಾಸ್ತರರು ನಮ್ಮನ್ನು ಗದಗಿಗೆ, ಹಳೆಯ ವಸ್ತುಗಳ ಸಂಗ್ರಹ ತೋರಿಸಲು ಕರೆದೊಯ್ದರು. ಅದನ್ನು ನೋಡಿಕೊಳ್ಳುತ್ತಿದ್ದ ಹಿರಿಯರು ಪುರಾತನ ಮಡಕೆಯ ಚೂರುಗಳನ್ನು ಚಾಪೆಯ ಮೇಲೆ ಸುರಿದು, "ಮುಟ್ರಿ, ಜೋಡಸ್ರಿ" ಎಂದರು. ಬಣ್ಣ ನೋಡಿ ಜೋಡಿಸಹೋದ ನಾವೆಲ್ಲ ಸೋತೆವು.

ಕುಂಬಾರರ ನೀಲವ್ವನಿಗೆ ಮಗ್ಗಿ ಬರುತ್ತಿರಲಿಲ್ಲ. ದಡ್ಡಿಯೆಂದು ಅವಳಪ್ಪ ಶಾಲೆ ಬಿಡಿಸುವವನಿದ್ದ. ಅವಳು ಚೂರುಗಳ ಒಳಮೈ ಸವರುತ್ತ ಮಡಕೆಯನ್ನು ನಿಲ್ಲಿಸಿಯೇಬಿಟ್ಟಳು.

"ಹೆಂಗ ತಿಳೀತವಾ?" ಮಾಸ್ತರರು ಕೇಳಿದರು.

"ತಿಗರಿ ಮ್ಯಾಲೆ ಗಡಿಗಿ ತಿರುಗುವಾಗ ಒಳಗ ಬೆರಳಿನ ಗೆರಿ ಬೀಳತಾವ್ರಿ. ಗೆರಿಗೆ ಗೆರಿ ಕೂಡಿಸಿದ್ನಿರಿ."

ಅಂದು ಸಂಜೆ ಮಾಸ್ತರರು ಅವಳ ಮನೆಗೇ ಹೋದರು, ಹಿಂದೆ ನಾವು. "ನಿನ್ನ ಮಗಳು ದಡ್ಡಿ ಅಲ್ಲೋ ಮಾರಾಯಾ. ನನಗ ಕಲಸಾಕ ಬರಲಿಲ್ಲ. ಶಾಲಿ ಬಿಡಸಬ್ಯಾಡ."

ನೀಲವ್ವ ಏಳನೆಯ ಇಯತ್ತೆಯ ಮುಲ್ಕಿ ಪರೀಕ್ಷೆ ಪಾಸಾದಳು. ನಾನೂ ಮಾಸ್ತರನಾಗಿ ನಿವೃತ್ತನಾದೆ. ಯಾವ ತಂದೆಯ ಮುಂದೆಯೂ ನಾನು ಹಾಗೆ ನನ್ನ ತಪ್ಪು ಒಪ್ಪಿಕೊಂಡದ್ದು ನೆನಪಿಲ್ಲ.