ಎಡಕ್ಕೆ ವಾಲಿದ ಅಕ್ಷರಗಳು

ಕೊರೊನಾ ಕಾಲದ ಆನ್‌ಲೈನ್ ಪಾಠಗಳು ಮುಗಿದು ತರಗತಿಗಳು ಮೊದಲಿನಂತೆ ನಡೆಯತೊಡಗಿದ್ದ ವರ್ಷ ಅದು. ನಾನು ವಿಶ್ವವಿದ್ಯಾಲಯವೊಂದರ ದೃಶ್ಯಕಲಾ ವಿಭಾಗದಲ್ಲಿ ಚಿತ್ರಕಲೆಯ ಪ್ರಾಧ್ಯಾಪಕನಾಗಿದ್ದೆ. ನಿವೃತ್ತಿಗೆ ಮೂರು ವರ್ಷ ಉಳಿದಿತ್ತು. ಎಂವಿಎ ಎಂದರೆ ದೃಶ್ಯಕಲೆಯ ಸ್ನಾತಕೋತ್ತರ ಪದವಿ; ಎರಡು ವರ್ಷ, ನಾಲ್ಕು ಸೆಮಿಸ್ಟರ್. ವಿದ್ಯಾರ್ಥಿಗಳು ಚಿತ್ರ ಬಿಡಿಸುವುದರ ಜೊತೆಗೆ ಒಂದು ಪ್ರಬಂಧವನ್ನೂ ಬರೆಯಬೇಕು. ಅದಕ್ಕೆ ಒಬ್ಬೊಬ್ಬರಿಗೂ ಒಬ್ಬ ಗೈಡ್. ಆಂತರಿಕ ಅಂಕಗಳೆಲ್ಲ ಗೈಡ್ ಕೈಯಲ್ಲಿ.

ಆ ವರ್ಷ ನನ್ನ ಪಾಲಿಗೆ ಬಂದವಳು ಜಗದೇವಿ. ಊರು ಮುಡಬಿ. ತಂದೆಗೆ ಬಸವಕಲ್ಯಾಣದಲ್ಲಿ ಕಿರಾಣಿ ಅಂಗಡಿ. ಮಾತು ಕಡಿಮೆ, ಕೈ ಚುರುಕು. ಮೊದಲ ಸೆಮಿಸ್ಟರಿನಲ್ಲೇ ಅವಳು ತನ್ನ ಪ್ರಬಂಧದ ವಿಷಯ ಬರೆದುಕೊಂಡು ಬಂದಳು: ಹುಮನಾಬಾದಿನಲ್ಲಿ ಟ್ರ್ಯಾಕ್ಟರ್ ಟ್ರಾಲಿಗಳ ಮೇಲೆ ಹೆಸರು ಬರೆಯುವ ಪೇಂಟರುಗಳ ಅಕ್ಷರಗಳು. ಊರಿಗೆ ಹೋಗುವಾಗ ಅವಳು ಹುಮನಾಬಾದಿನಲ್ಲಿ ಬಸ್ಸು ಬದಲಿಸಬೇಕಿತ್ತು. ಬಸವಕಲ್ಯಾಣದ ಬಸ್ಸು ಬರುವವರೆಗೆ ಎದುರಿನ ಗ್ಯಾರೇಜಿನಲ್ಲಿ ಒಬ್ಬ ಮುದುಕ ಪೇಂಟರ್ ಅಕ್ಷರ ಬರೆಯುವುದನ್ನು ನೋಡುತ್ತ ನಿಲ್ಲುತ್ತಿದ್ದಳಂತೆ.

ನಾನು ಹಾಳೆಯನ್ನು ಪೂರ್ತಿ ಓದಲೂ ಇಲ್ಲ. "ಟ್ರಾಲಿ ಪೇಂಟರ್‌ಗಳನ್ನ ನೋಡಾಕ ಎಂವಿಎ ಯಾಕ ಬೇಕು? ನಿಮ್ಮ ಕಲ್ಯಾಣದಾಗ ಕೋಟೆ ಅದ, ಅದನ್ನ ತಗೋ" ಎಂದೆ.

"ಆಯ್ತ್ರಿ ಸರ್" ಎಂದು ಹೋದಳು. ಆ ವರ್ಷವಿಡೀ ಕೋಟೆಯ ಬಾಗಿಲು, ಬುರುಜು, ತೋಪುಗಳನ್ನು ಬಿಡಿಸಿ ತಂದು ತೋರಿಸಿದಳು. ಚಿತ್ರಗಳು ಅಚ್ಚುಕಟ್ಟಾಗಿದ್ದವು, ಅವುಗಳಲ್ಲಿ ಅವಳು ಮಾತ್ರ ಇರಲಿಲ್ಲ. ಅದು ನನಗೆ ಆಗಲೇ ಕಂಡಿತ್ತು. ಆದರೂ ಏನೂ ಹೇಳಲಿಲ್ಲ.

ಮೂರನೇ ಸೆಮಿಸ್ಟರಿನ ಕೊನೆಗೆ ಜ್ಯೂರಿ ಇರುತ್ತದೆ. ಹೊರಗಿನಿಂದ ಬಂದ ತಜ್ಞರು ವಿದ್ಯಾರ್ಥಿಗಳ ಕೆಲಸವನ್ನೆಲ್ಲ ಗೋಡೆಗೆ ಹಾಕಿಸಿ, ಅವರ ಎದುರೇ ಪರಿಶೀಲಿಸುವ ಕ್ರಮ. ಆ ಸಲ ಬಂದಿದ್ದವರು ದೇಶದಾದ್ಯಂತ ಹೆಸರಾದ ಒಬ್ಬ ಹಿರಿಯ ಮಹಿಳೆ. ಕೋಟೆಯ ಚಿತ್ರಗಳ ಮುಂದೆ ಅವರು ಎರಡು ನಿಮಿಷವೂ ನಿಲ್ಲಲಿಲ್ಲ. ಹೊರಡುವಾಗ ಮೇಜಿನ ಮೇಲಿದ್ದ ಜಗದೇವಿಯ ದಪ್ಪ ನೋಟ್‌ಬುಕ್ಕನ್ನು ಸುಮ್ಮನೆ ತೆರೆದರು. ಆಮೇಲೆ ಕುರ್ಚಿ ಎಳೆದುಕೊಂಡು ಕುಳಿತೇಬಿಟ್ಟರು.

ಅದು ಟ್ರಾಲಿ ಅಕ್ಷರಗಳ ನೋಟ್‌ಬುಕ್. ನಾನು ಬೇಡವೆಂದ ಮೇಲೂ ಅವಳು ಒಂದು ವರ್ಷ ಆ ಕೆಲಸ ಮಾಡಿದ್ದಳು. ಆ ಮುದುಕ ಪೇಂಟರ್ ಹೆಸರು ಖಾಜಾಮಿಯಾ. ಅವರಿಗೆ ಕನ್ನಡ ಓದಲು ಬಾರದು. ಉಸ್ತಾದರ ಹತ್ತಿರ ಕಲಿತದ್ದು ಉರ್ದು ಬರವಣಿಗೆ. ಗಿರಾಕಿ ಚೀಟಿಯಲ್ಲಿ ಬರೆದುಕೊಟ್ಟ ಕನ್ನಡವನ್ನು ಅವರು ಚಿತ್ರ ನೋಡಿ ಚಿತ್ರ ಬಿಡಿಸುವಂತೆ ಬರೆಯುತ್ತಿದ್ದರು. ಅದೂ ಉರ್ದು ಬರೆಯುವಂತೆ ಬಲತುದಿಯಿಂದ, ಕೊನೆಯ ಅಕ್ಷರ ಮೊದಲು! ಹಾಗಾಗಿ ಅವರ ಕನ್ನಡ ಅಕ್ಷರಗಳು ಎಡಕ್ಕೆ ವಾಲಿರುತ್ತಿದ್ದವು. ಅವರನ್ನು ನೋಡಿ ಕಲಿತವರು ಕನ್ನಡ ಬಲ್ಲವರಾದರೂ ಹಾಗೇ ವಾಲಿಸಿ ಬರೆಯುತ್ತಿದ್ದರು. ಮನ್ನಾಏಖೇಳ್ಳಿಯಿಂದ ಮಂಠಾಳದವರೆಗೆ ಓಡಾಡುವ ಟ್ರಾಲಿಗಳ ಅಕ್ಷರ ಯಾಕೆ ಒಂದೇ ಕಡೆ ವಾಲುತ್ತದೆ ಎಂಬುದನ್ನು ಆ ಹುಡುಗಿ ಅಳತೆ ಹಾಕಿ, ರೇಖೆ ಎಳೆದು ತೋರಿಸಿದ್ದಳು.

"ಇದು ಯಾರ ಯೋಚನೆ?" ಎಂದು ತಜ್ಞರು ತಲೆಯೆತ್ತಿ ಕೇಳಿದರು.

ನನ್ನ ಬಾಯಿಂದ ಬಂದ ಮಾತು ಇದು: "ನಾನೇ ಕಳಿಸಿದ್ದೆ, ಮೇಡಂ. ಕೋಟೆಯ ಜೊತೆಗೆ ಇದನ್ನೂ ನೋಡು ಅಂತ."

ಮೊದಲೇ ಯೋಚಿಸಿ ಹೇಳಿದ ಸುಳ್ಳಲ್ಲ ಅದು. ಹಾಗಂತ ಅದರ ತೂಕವೇನೂ ಕಡಿಮೆಯಾಗುವುದಿಲ್ಲ. ತಜ್ಞರು ಅವಳತ್ತ ತಿರುಗಿ "ಹೌದೇನಮ್ಮಾ?" ಎಂದರು. ಜಗದೇವಿ ನನ್ನ ಮುಖ ನೋಡಿದಳು. ಆಮೇಲೆ ನೆಲ ನೋಡಿ, "ಹೌದ್ರಿ" ಎಂದಳು.

ಅಲ್ಲಿಗೇ ನಿಂತಿದ್ದರೂ ಆಗುತ್ತಿತ್ತು. ತಿಂಗಳೊಳಗೆ ಆ ತಜ್ಞರ ಶಿಫಾರಸಿನಿಂದ ನನಗೆ ಒಂದು ದೊಡ್ಡ ವಿಚಾರ ಸಂಕಿರಣದ ಕರೆ ಬಂತು. ಮೂವತ್ತು ವರ್ಷ ಪಾಠ ಮಾಡಿದರೂ ಅಂಥ ವೇದಿಕೆ ನನಗೆ ಸಿಕ್ಕಿರಲಿಲ್ಲ. "ಎರಡು ದಿನ ಕೊಡು" ಎಂದು ನೋಟ್‌ಬುಕ್ ಇಸಿದುಕೊಂಡು ಪೂರ್ತಿ ಸ್ಕ್ಯಾನ್ ಮಾಡಿಸಿದೆ. ಅವಳ ಅಳತೆಗಳು, ಅವಳು ತೆಗೆದ ಫೋಟೊಗಳು, ಅವಳ ತರ್ಕ ಎಲ್ಲವೂ ನನ್ನ ಸ್ಲೈಡುಗಳಾದವು. ಚಪ್ಪಾಳೆ ಬಿತ್ತು. ಪ್ರಬಂಧಗಳ ಸಂಪುಟ ಸಂಕಿರಣದ ದಿನವೇ ಬಿಡುಗಡೆಯಾಯಿತು; ಅದರಲ್ಲಿದ್ದದ್ದು ನನ್ನ ಹೆಸರೊಂದೇ. ಕೊನೆಯಲ್ಲಿ ಒಂದು ಸಾಲು: "ಕ್ಷೇತ್ರಕಾರ್ಯದಲ್ಲಿ ನೆರವಾದ ವಿದ್ಯಾರ್ಥಿನಿಗೆ ಕೃತಜ್ಞತೆಗಳು." ಸಂಪುಟದ ಒಂದು ಪ್ರತಿ ವಿಭಾಗದ ಗ್ರಂಥಾಲಯಕ್ಕೂ ಬಂತು. ಅದು ಬಂದ ವಾರದಿಂದ ಜಗದೇವಿ ತರಗತಿಗೆ ಬರಲಿಲ್ಲ.

ಫೋನಿಗೆ ಉತ್ತರವಿಲ್ಲ. ನಾಲ್ಕನೇ ಸೆಮಿಸ್ಟರ್ ಅರ್ಧ ಕಳೆದಿತ್ತು. ಹಾಜರಾತಿ ಕಡಿಮೆಯಾದರೆ ಪರೀಕ್ಷೆಗೆ ಕೂರಿಸುವಂತಿಲ್ಲ. ಒಂದು ಬೆಳಿಗ್ಗೆ ನಾನೇ ಬಸ್ಸು ಹತ್ತಿದೆ. ಅವಳನ್ನು ಒಪ್ಪಿಸಿ ಕರೆತಂದರೆ ವಿಷಯ ಯಾರಿಗೂ ಗೊತ್ತಾಗದೆ ಮುಗಿಯುತ್ತದೆ ಎಂಬ ಲೆಕ್ಕಾಚಾರ ನನ್ನದಾಗಿತ್ತು. ಸಮಾಧಾನಪಡಿಸಲು ಎಂದು ಆ ಸಂಪುಟದ ಒಂದು ಪ್ರತಿಯನ್ನೂ ಚೀಲದಲ್ಲಿ ಇಟ್ಟುಕೊಂಡಿದ್ದೆ. ಎಂಥ ಸಮಾಧಾನ!

ಹುಮನಾಬಾದಿನಲ್ಲಿ ಇಳಿದಾಗ ಕಲ್ಯಾಣದ ಬಸ್ಸಿಗೆ ಇನ್ನೂ ಹೊತ್ತಿತ್ತು. ಎದುರಿಗೇ ಆ ಗ್ಯಾರೇಜು. ಅಷ್ಟೆಲ್ಲ ಬರೆದು ಮಾತಾಡಿದವನು ಅಲ್ಲಿಗೆ ಒಂದು ಸಲವೂ ಹೋಗಿರಲಿಲ್ಲ. ಹೊಸ ಟ್ರಾಲಿಯೊಂದರ ಹಿಂದೆ ಖಾಜಾಮಿಯಾ ಮಣೆ ಹಾಕಿಕೊಂಡು ಕುಳಿತಿದ್ದರು. ನಾನು ಯಾರೆಂದು ಹೇಳಿದೊಡನೆ ಬ್ರಶ್ ಕೆಳಗಿಟ್ಟು ಎದ್ದುನಿಂತರು.

"ನೀವು ಜಗದೇವಿ ಬೇಟಿದು ಸರ್ ಏನ್ರಿ? ಬರ್ರಿ, ಕೂಡ್ರಿ. 'ಚಾಚಾ, ನಮ್ಮ ಸರ್‌ಗ ನಿಮ್ಮ ಕೆಲಸ ಭಾಳ ಪಸಂದ್ ಬಂದದ' ಅಂತ ಹೇಳಾಕತ್ತಿದ್ಳು. ಆಕಿ ಯಾಕ ಬರವಲ್ಲಳ್ರಿ?"

ಯಾಕೆ ಮಾಡಿದೆನೋ, ಚೀಲದಿಂದ ಸಂಪುಟ ತೆಗೆದು ಕೊಟ್ಟೆ. "ನಿಮ್ಮ ಕೆಲಸ ಇದರಾಗ ಬಂದದ" ಎಂದೆ.

ಅವರು ಸೀಮೆಎಣ್ಣೆಯ ಬಟ್ಟೆಯಿಂದ ಬೆರಳು ಬೆರಳನ್ನೂ ಒರೆಸಿ, ಆಮೇಲೆ ಸಾಬೂನು ಹಚ್ಚಿ ತೊಳೆದು ಬಂದು ಪುಸ್ತಕ ಹಿಡಿದರು. "'ಚಾಚಾ, ಕಿತಾಬಿನಾಗ ನಿಮ್ಮ ಹೆಸರು ಹಾಕಸ್ತೀನಿ' ಅಂದಿದ್ಳು ಬೇಟಿ. ಎಲ್ಲಿ ಅದ ತೋರಸ್ರಿ?"

ನಾನು ನನ್ನ ಪ್ರಬಂಧದ ಮೊದಲ ಪುಟ ತೆರೆದುಕೊಟ್ಟೆ. ಅವರು ತಾವೇ ಹುಡುಕತೊಡಗಿದರು. ಕನ್ನಡ ಓದಲು ಬಾರದ ಮನುಷ್ಯ, ಆದರೆ ನಲವತ್ತು ವರ್ಷ ಪ್ರತಿ ಟ್ರಾಲಿಯ ಮೂಲೆಯಲ್ಲಿ ಸಣ್ಣದಾಗಿ ಕನ್ನಡದಲ್ಲಿ 'ಖಾಜಾ ಪೇಂಟರ್' ಎಂದು ಬರೆದವರು. ಆ ಆಕಾರ ಅವರ ಕಣ್ಣಿಗೆ ತಪ್ಪುವಂತಿರಲಿಲ್ಲ. ಸಾಲು ಸಾಲಿನ ಮೇಲೆ ಬೆರಳಾಡಿಸುತ್ತ ನನ್ನ ಪ್ರಬಂಧದ ಹನ್ನೊಂದು ಪುಟಗಳನ್ನೂ ದಾಟಿದರು. ನಾನು ಅವರನ್ನು ಕರೆದಿದ್ದದ್ದು 'ಒಬ್ಬ ಸ್ಥಳೀಯ ಪೇಂಟರ್' ಎಂದು. ಕೊನೆಗೆ ಒಂದು ಫೋಟೊ ಹತ್ತಿರ ಬೆರಳು ನಿಂತಿತು.

"ಇದು ನಂದೇ ಟ್ರಾಲಿ ರೀ. ಇಲ್ಲಿ ಕೆಳಗ ನನ್ನ ಹೆಸರಿತ್ತಲ್ಲ?"

ಇತ್ತು. ಅಕ್ಷರಗಳು ದೊಡ್ಡದಾಗಿ ಕಾಣಲೆಂದು ನಾನೇ ಫೋಟೊದ ಅಂಚು ಕತ್ತರಿಸಿದ್ದೆ. ಅವರು ಸಿಟ್ಟಾಗಲಿಲ್ಲ. ಪುಸ್ತಕ ಮುಚ್ಚಿ ಎರಡೂ ಕೈಯಿಂದ ವಾಪಸ್ ಕೊಟ್ಟು, "ಛಾಪಖಾನೆದವ್ರದು ಗಲತಿ ಆಗಿರಬೇಕು, ಬಿಡ್ರಿ. ಚಾ ಕುಡಿದು ಹೋಗ್ರಿ" ಎಂದರು.

ಬಸವಕಲ್ಯಾಣದ ಅಂಗಡಿಯಲ್ಲಿ ಜಗದೇವಿ ತಂದೆಯ ಪಕ್ಕ ನಿಂತು ಸಕ್ಕರೆ ತೂಗುತ್ತಿದ್ದಳು. ಸರ್ ಬಂದರೆಂದು ತಂದೆ ಸಂಭ್ರಮದಿಂದ ಒಳಗೆ ಕರೆದರು. ಮಗಳು ಅವರಿಗೆ ಏನೂ ಹೇಳಿರಲಿಲ್ಲವೆಂದು ಅದರಿಂದಲೇ ತಿಳಿಯಿತು. ದಾರಿಯಲ್ಲಿ ಜೋಡಿಸಿಕೊಂಡಿದ್ದ ಮಾತುಗಳು ಆಗಲೇ ಉದುರಿಹೋಗಿದ್ದವು. ತಂದೆಯ ಎದುರೇ ಹೇಳಿದೆ: "ನಿಮ್ಮ ಮಗಳ ಕೆಲಸ ಕದ್ದು ನನ್ನ ಹೆಸರಿನಾಗ ಛಾಪಿಸೀನಿ. ತಪ್ಪಾಗ್ಯದ."

ಅವರಿಗೆ ಅರ್ಥವಾಗಲು ಹೊತ್ತು ಹಿಡಿಯಿತು. ಅರ್ಥವಾದ ಮೇಲೆ ಅವರು ನನ್ನತ್ತ ನೋಡಲಿಲ್ಲ. ಎದ್ದು ಗಲ್ಲಾದ ಹತ್ತಿರ ಹೋಗಿ ಬೆನ್ನು ಮಾಡಿ ನಿಂತರು.

ಜಗದೇವಿ ಮಾತ್ರ ಮಾತಾಡಿದಳು. "ಸರ್, ನೀವು ಛಾಪಿಸಿದ್ದಕ್ಕ ಸಿಟ್ಟು ಬಂದಿತ್ತು ಖರೆ. ಆದ್ರ ಆವತ್ತು ಆ ಮೇಡಂ ಮುಂದ ನಾ 'ಹೌದ್ರಿ' ಅಂದೆ ನೋಡ್ರಿ, ಅದು ನೆನಪಾದ್ರ ನನ್ನ ಮ್ಯಾಲ ನನಗ ಹೇಸಿಗಿ ಬರ್ತದ. ಮಾರ್ಕ್ಸ್ ಸಲುವಾಗಿ ಅಂದೆ. ನಾಳಿ ಚಾಚಾಗ ಹ್ಯಾಂಗ ಮುಖ ತೋರಸ್ಲಿ?"

ನನ್ನ ನಾಚಿಕೆಯನ್ನು ನಾನು ಹೊತ್ತುಕೊಂಡು ಬಂದಿದ್ದೆ. ಅವಳ ಪಾಲಿಗೂ ಒಂದಿಷ್ಟು ಹೊರಿಸಿ ಬಿಟ್ಟಿದ್ದೇನೆಂದು ತಿಳಿದದ್ದು ಅಲ್ಲೇ.

"ಏನು ಮಾಡಲಿ ಹೇಳವ್ವ" ಎಂದೆ.

"ನನಗ ಹೇಳಿ ಏನು ಉಪಯೋಗ್ರಿ? ನಿಮ್ದು ಅಂತ ಎಲ್ಲಾರ ಮುಂದ ಹೇಳೀರಿ, ಈಗ ಅಲ್ಲಂತ ಎಲ್ಲಾರಿಗೂ ಬರದು ಕೊಡ್ರಿ."

ಬರೆದುಕೊಟ್ಟೆ. ವಿಭಾಗಕ್ಕೆ, ಸಂಪುಟದ ಸಂಪಾದಕರಿಗೆ, ಆ ತಜ್ಞರಿಗೆ, ಹೀಗೆ ಮೂರು ಪತ್ರ. ವಿಭಾಗ ವಿಚಾರಣೆ ನಡೆಸಿ, ಮುಂದೆ ಯಾವ ವಿದ್ಯಾರ್ಥಿಗೂ ನಾನು ಗೈಡ್ ಆಗಬಾರದೆಂದು ತೀರ್ಮಾನಿಸಿತು. ಅದು ಸರಿಯಾಗಿಯೇ ಇತ್ತು. ಜಗದೇವಿಗೆ ಬೇರೆ ಗೈಡ್ ಸಿಕ್ಕರು. ಒಂದು ವರ್ಷ ತಡವಾಗಿ, ತನ್ನದೇ ವಿಷಯದ ಮೇಲೆ ಪ್ರಬಂಧ ಬರೆದು ಪದವಿ ಪಡೆದಳು. ಅದರ ಮೊದಲ ಪುಟದಲ್ಲಿ ಖಾಜಾಮಿಯಾ ಅವರ ಹೆಸರು ಕನ್ನಡ, ಉರ್ದು ಎರಡರಲ್ಲೂ ಇದೆಯಂತೆ. ನಾನು ಅದನ್ನು ಕೇಳಿ ನೋಡಲು ಹೋಗಲಿಲ್ಲ.

ಸಂಪಾದಕರು ತಿದ್ದುಪಡಿಯನ್ನು ತಮ್ಮ ಜಾಲತಾಣದಲ್ಲಷ್ಟೇ ಹಾಕಿದರು. ಅಚ್ಚಾದ ಪ್ರತಿಗಳು ಗ್ರಂಥಾಲಯಗಳಲ್ಲಿ ಹಾಗೇ ಇವೆ. ನಿವೃತ್ತನಾದ ಮೇಲೂ ಆಗಾಗ ಯಾರಾದರೂ ಫೋನ್ ಮಾಡುತ್ತಾರೆ. ಕಳೆದ ವರ್ಷ ಒಬ್ಬ ಸಂಶೋಧಕಿ "ಸರ್, ನಿಮ್ಮ ಲೇಖನ ಓದಿದೆ" ಎಂದಳು. ಆ ಕೆಲಸ ನನ್ನದಲ್ಲ, ಜಗದೇವಿ ಎಂಬ ವಿದ್ಯಾರ್ಥಿನಿಯದು, ಅವಳನ್ನೇ ಕೇಳಿ ಎಂದೆ. ಆಕೆ ಒಂದು ಕ್ಷಣ ತಡೆದು, "ಎಷ್ಟು ದೊಡ್ಡ ಮನಸ್ಸು ಸರ್ ನಿಮ್ಮದು!" ಎಂದಳು.

ಕದ್ದದ್ದನ್ನು ಹಿಂದಿರುಗಿಸುವಾಗಲೂ ಮೇಷ್ಟರಾದವರಿಗೆ ಗೌರವವೇ ಸಿಗುತ್ತದೆ. ನಮ್ಮ ಕುರ್ಚಿ ಅಂಥದ್ದು. ಅದರ ಮೇಲೆ ಕುಳಿತವರು ತಪ್ಪೊಪ್ಪಿಕೊಂಡರೂ ಕೇಳುವವರಿಗೆ ಅದು ಔದಾರ್ಯವಾಗಿ ಕಾಣುತ್ತದೆ. ಮೂವತ್ತು ವರ್ಷದ ಕೆಲಸ ನನಗೆ ಕಲಿಸಿದ್ದು ಇದನ್ನು. ಆದ್ದರಿಂದ ಈಗ ಯಾರೇ ಫೋನ್ ಮಾಡಿದರೂ "ಅದು ನನ್ನದಲ್ಲ" ಎಂದು ಶುರು ಮಾಡುವುದಿಲ್ಲ. "ಅದನ್ನು ನಾನು ಕದ್ದಿದ್ದೆ" ಎಂದೇ ಶುರು ಮಾಡುತ್ತೇನೆ.